ಅರಸ ಚಲೋ ಇದ್ದನೇ? ಶಾಸನದ ಕೊನೆಯ ಸಾಲುಗಳನ್ನು ಕೇಳಿ ನೋಡೋಣ

ಹುಕ್ಕೇರಿ ತಾಲೂಕಿನ ಒಂದು ಊರಿನ ಗುಡಿಯಲ್ಲಿ ಹೋದ ಬೇಸಿಗೆ ಒಂದು ಕಲ್ಲಿನ ಮುಂದೆ ಕೂತಿದ್ದೆ. ನೆತ್ತಿಯ ಮೇಲೆ ಲಿಂಗ, ಆಕಳು-ಕರು, ಸೂರ್ಯ-ಚಂದ್ರ. ಕೆಳಗೆ ಹನ್ನೆರಡನೆಯ ಶತಮಾನದ ದುಂಡನೆಯ ಅಕ್ಷರ. ಗುಡಿಯ ಜೀರ್ಣೋದ್ಧಾರ ಮಾಡುವಾಗ ಹೊಸ ಫರ್ಸಿ ಹಾಸಿದ್ದಾರೆ, ಕಲ್ಲು ಅಲುಗಾಡಬಾರದು ಅಂತ ಬುಡಕ್ಕೆ ಮೊಣಕಾಲೆತ್ತರ ಸಿಮೆಂಟು ಹಾಕಿದ್ದಾರೆ. ಅಕ್ಷರಗಳ ಮೇಲೆ ಎಣ್ಣೆ ಬಣ್ಣವನ್ನೂ ಬಳಿದಿದ್ದಾರೆ, ಅದರ ಮಾತು ಬೇಡ ಈಗ. ಒದ್ದೆ ಅರಿವೆಯಿಂದ ಒರೆಸಿ, ಕಂಡಷ್ಟನ್ನು ಓದಿ ಬರೆದುಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜರೊಬ್ಬರು ಅರ್ಧ ತಾಸು ಸುಮ್ಮನೆ ನೋಡಿ ಆಮೇಲೆ ಕೇಳಿದರು: "ಸರ, ಈ ರಾಜಾ ಚಲೋ ಮನಷ್ಯಾ ಇದ್ನೋ, ಇಲ್ಲಾ ಬರೇ ಹಂಗ ಬರಸ್ಕೊಂಡಾನೋ?"

ಶಾಸನ ಓದುವವರನ್ನು ಜನ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ವರ್ಷದ್ದು, ನಿಧಿ ಎಲ್ಲಿ ಐತಿ ಅಂತ ಬರೆದಾರೇನು. ಈ ಮೂರನೆಯದನ್ನು ನನಗೆ ಯಾರೂ ಕೇಳಿರಲಿಲ್ಲ. ತಟ್ಟನೆ ಉತ್ತರ ಹೊಳೆಯಲೂ ಇಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳ ಸುತ್ತಮುತ್ತಲಿನ ಶಾಸನಗಳನ್ನು ಇಟ್ಟುಕೊಂಡು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಈ ಬರಹ.

ಮೊದಲು ಶಾಸನದ ಕಟ್ಟಡ ಗೊತ್ತಿರಬೇಕು. ಕಲ್ಯಾಣ ಚಾಲುಕ್ಯರ ಕಾಲದ ದತ್ತಿ ಶಾಸನ ಮಂಗಳ ಶ್ಲೋಕದಿಂದ ಶುರುವಾಗುತ್ತದೆ. ಬಳಿಕ ಚಕ್ರವರ್ತಿಯ ಹೆಸರು. ಅವನ ರಾಜ್ಯ ದಿನದಿನಕ್ಕೂ ಬೆಳೆಯುತ್ತಿದೆ, ಸೂರ್ಯ-ಚಂದ್ರ ಇರುವ ತನಕ ನಡೆಯುತ್ತಿದೆ ಅನ್ನುವ ಮಾತು. ಆಮೇಲೆ ಅವನ ಪಾದಕಮಲವನ್ನು ನಂಬಿ ಬದುಕುವ ಸಾಮಂತ, ಅಂದರೆ 'ತತ್ಪಾದಪದ್ಮೋಪಜೀವಿ'. ಆ ಸಾಮಂತನ ಬಿರುದುಗಳ ಸಾಲು. ಅವನ ಕೈಕೆಳಗಿನ ಅಧಿಕಾರಿ, ಊರಿನ ಗಾವುಂಡ, ಅವರ ವಂಶ, ಅವರ ಗುರುಗಳು. ಇಷ್ಟೆಲ್ಲ ಆದ ಮೇಲೆ ತಿಥಿ-ವಾರ-ಸಂಕ್ರಾಂತಿ, ಕೊಟ್ಟದ್ದೇನು ಅನ್ನುವ ವಿವರ, ಹೊಲದ ನಾಲ್ಕು ದಿಕ್ಕಿನ ಎಲ್ಲೆ, ಕಡೆಗೆ ಇದನ್ನು ಕಾದವರಿಗೆ ಪುಣ್ಯ, ಕೆಡಿಸಿದವರಿಗೆ ಪಾಪ. ಕಲ್ಲಿನ ಹೆಚ್ಚಿನ ಭಾಗವನ್ನು ಹೊಗಳಿಕೆಯೇ ತಿನ್ನುತ್ತದೆ. ಕೆಲಸದ ಮಾತು ಕೆಳಗಿನ ಸ್ವಲ್ಪದರಲ್ಲೇ ಮುಗಿಯುತ್ತದೆ.

ಹೊಗಳಿಕೆಯ ಭಾಗದಲ್ಲಿ ಕೆಟ್ಟ ಅರಸ ಅಂತ ಯಾರೂ ಇಲ್ಲ. ಎಲ್ಲರೂ ದುಷ್ಟರನ್ನು ನಿಗ್ರಹಿಸುವವರೇ, ಶಿಷ್ಟರನ್ನು ಪಾಲಿಸುವವರೇ, ಎಲ್ಲರೂ 'ಸುಖಸಂಕಥಾವಿನೋದ'ದಿಂದ ರಾಜ್ಯವಾಳುವವರೇ. ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ದಂಡು, ಬರಗಾಲ, ಅಣ್ಣ-ತಮ್ಮಂದಿರ ಜಗಳ ಏನೇ ಇರಲಿ, ಕಲ್ಲಿನ ಮೇಲೆ ಅರಸ ಹರಟೆ ಹೊಡೆಯುತ್ತಾ ಆರಾಮಾಗಿಯೇ ಇರುತ್ತಾನೆ. ಹಾಗಂತ ಈ ಸೂತ್ರಗಳು ಪೂರ್ತಿ ಪೊಳ್ಳಲ್ಲ. ಆಳುವವ ಹೀಗಿರಬೇಕು ಅಂತ ಆ ಕಾಲ ಏನನ್ನು ಬಯಸುತ್ತಿತ್ತು ಅನ್ನುವುದಕ್ಕೆ ಅವು ಸಾಕ್ಷಿ. ಒಬ್ಬ ನಿಜವಾಗಿ ಹಾಗಿದ್ದನೇ ಅನ್ನುವುದಕ್ಕೆ ಮಾತ್ರ ಸಾಕ್ಷಿ ಅಲ್ಲ.

ಬಿರುದುಗಳೂ ಹಾಗೇ. ನಮ್ಮ ಈ ಭಾಗ ಆಗ ಕೂಂಡಿ ಮೂರುಸಾವಿರ ನಾಡು. ಅದನ್ನು ಆಳಿದವರು ರಟ್ಟರು, ಮೊದಲು ಸವದತ್ತಿಯಿಂದ (ಆಗಿನ ಸುಗಂಧವರ್ತಿ), ಆಮೇಲೆ ವೇಣುಗ್ರಾಮ ಅಂದರೆ ಬೆಳಗಾವಿಯಿಂದ. ಅವರ ಬಿರುದು 'ಲತ್ತಲೂರ್ ಪುರವರಾಧೀಶ್ವರ'. ಲತ್ತಲೂರು ಅಂದರೆ ಇಂದಿನ ಮಹಾರಾಷ್ಟ್ರದ ಲಾತೂರು. ಬೆಳಗಾವಿಯಲ್ಲಿ ಕೂತು ಆಳುತ್ತಿದ್ದವರು ಲಾತೂರಿನ ಒಡೆಯರು ಹೇಗಾದರು? ರಾಷ್ಟ್ರಕೂಟರ ಮನೆತನಕ್ಕೆ ಸೇರಿದವರು ನಾವು ಅಂತ ಹೇಳಿಕೊಳ್ಳುವ ದಾರಿ ಅದು. ಬಿರುದಿನಲ್ಲಿ ಇರೋದು ಮನೆತನದ ನೆನಪು. ಮನೆ ವಿಳಾಸ ಅಂತ ಓದಿದರೆ ದಾರಿ ತಪ್ಪುತ್ತೀರಿ.

ಬಿರುದು ಎಷ್ಟು ಕಾಲ ಬಾಳುತ್ತದೆ ಅನ್ನೋದಕ್ಕೆ ಗೋಕಾಕದ್ದೇ ಒಂದು ಉದಾಹರಣೆ ಇದೆ. ಅಲ್ಲಿ ಸಿಕ್ಕ ತಾಮ್ರಪಟವನ್ನು ಎನ್. ಲಕ್ಷ್ಮೀನಾರಾಯಣ ರಾಯರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಅದರಲ್ಲಿ ರಾಷ್ಟ್ರಕೂಟ ದೆಜ್ಜ ಮಹಾರಾಜ ಅನ್ನುವ ಅರಸನ ಹೆಸರು ಬರುತ್ತದೆ. ಕಾಲವನ್ನು 'ಆಗುಪ್ತಾಯಿಕ' ಅರಸರ 845ನೆಯ ವರ್ಷ ಅಂತ ಹೇಳಿದೆ. ಆ ಶಕೆ ಯಾವುದು ಅನ್ನುವ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಈ ದೆಜ್ಜ ಮಹಾರಾಜನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಈ ಪಟದಿಂದ ಮಾತ್ರ. ಅವನು ಗೆದ್ದ ಯುದ್ಧ, ಕಟ್ಟಿದ ಕೋಟೆ ಏನಾದರೂ ಇದ್ದಿದ್ದರೆ ಅದೆಲ್ಲ ಮಣ್ಣಾಗಿದೆ. ಅವನ ಅಧೀನದಲ್ಲಿದ್ದ ಸೇಂದ್ರಕ ಮನೆತನದ ಇಂದ್ರಣಂದ ಅನ್ನುವವನು ಆರ್ಯನಂದಿ ಅನ್ನುವ ಜೈನಾಚಾರ್ಯರಿಗೆ 50 ನಿವರ್ತನ ಹೊಲ ಬಿಟ್ಟುಕೊಟ್ಟ. ಅರ್ಹಂತನ ಪೂಜೆ ನಡೆಯಲಿ, ಪಾಠ ಹೇಳುವ ತಪಸ್ವಿಗಳ ಊಟ-ಉಪಚಾರಕ್ಕೆ ಆಗಲಿ ಅಂತ. ಆ ಐವತ್ತು ನಿವರ್ತನದ ಕಾಗದಪತ್ರದಲ್ಲಿ ಮೇಲಧಿಕಾರಿಯ ಹೆಸರು ಬರೆಯಬೇಕಿತ್ತು, ಬರೆದರು. ಒಬ್ಬ ಮಹಾರಾಜ ಇತಿಹಾಸದಲ್ಲಿ ಉಳಿದದ್ದು ಅಷ್ಟರಿಂದ.

ಈಗ ಕಲ್ಲೋಳಿಗೆ ಬರೋಣ. ಹಳೆಯ ಪುಸ್ತಕಗಳಲ್ಲಿ ಇದು ಗೋಕಾಕ ತಾಲೂಕು ಅಂತ ಇರುತ್ತದೆ, ಈಗ ಹುಡುಕುವವರು ಮೂಡಲಗಿ ತಾಲೂಕಿನಲ್ಲಿ ಹುಡುಕಬೇಕು. ಫ್ಲೀಟ್ ಸಾಹೇಬರು ಸವದತ್ತಿ-ಬೆಳಗಾವಿ ರಟ್ಟರ ಶಾಸನಗಳನ್ನು ಪ್ರಕಟಿಸಿದಾಗ ಇಲ್ಲಿನ ಶಾಸನವನ್ನೂ ಸೇರಿಸಿದರು. ಕಾಲ ಶಕ 1127, ರಕ್ತಾಕ್ಷಿ ಸಂವತ್ಸರ, ಅಂದರೆ ಕ್ರಿ.ಶ. 1204ರ ಕೊನೆ. ಆಳುತ್ತಿದ್ದವನು ರಟ್ಟರ ನಾಲ್ಕನೆಯ ಕಾರ್ತವೀರ್ಯ, ಜೊತೆಗೆ ಯುವರಾಜನಾಗಿ ತಮ್ಮ ಮಲ್ಲಿಕಾರ್ಜುನ. (ಇದೇ ಕಾರ್ತವೀರ್ಯ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಶಾಸನದಲ್ಲೂ ಸಿಗುತ್ತಾನೆ, ಅದು ಇನ್ನೂ ಐದು ವರ್ಷ ಹಿಂದಿನದು.) ಕಲ್ಲೋಳಿಯ ಆಗಿನ ಹೆಸರು ಕಲ್ಪೊಳೆ, 'ಸಿಂದನ ಕಲ್ಪೊಳೆ'; ಅದು ಕುರುಂಬೆಟ್ಟ ಕಂಪಣದಲ್ಲಿತ್ತು. ಕುರುಂಬೆಟ್ಟ ಅಂದರೆ ಇಂದಿನ ಕುರಬೇಟ. ಎಂಟುನೂರು ವರ್ಷದಲ್ಲಿ ಹೆಸರು ಸವೆದದ್ದು ಇಷ್ಟೇ ನೋಡಿ. ಹಗರಟಗೆ ನಾಡಿನ ಯಾದವ ಮನೆತನದ ರಾಜ ಅನ್ನುವ ಹೆಸರಿನ ಸಾಮಂತ ಇಲ್ಲಿ ಶಾಂತಿನಾಥ ಬಸದಿ ಕಟ್ಟಿಸಿದ. ಅದಕ್ಕೆ ಕಾರ್ತವೀರ್ಯ ಭೂಮಿ ಬಿಟ್ಟ.

ಅಜ್ಜರ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಶಾಸನದ 'ಬಿಟ್ಟ' ಅನ್ನುವ ಕ್ರಿಯಾಪದದಿಂದ ಕೆಳಗೆ. ಅಲ್ಲಿ ಭಾಷೆಯ ಧಾಟಿಯೇ ಬದಲಾಗುತ್ತದೆ. ಮೇಲೆ ವೃತ್ತ, ಕಂದ, ಅಲಂಕಾರ. ಕೆಳಗೆ ತಲಾಠಿ ಕಚೇರಿಯ ಉತಾರದ ಭಾಷೆ: ಇಷ್ಟು ಮತ್ತರು, ಇಷ್ಟು ಕಮ್ಮ, ಯಾವ ಕೋಲಿನಿಂದ ಅಳೆದದ್ದು, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾರ ಹೊಲ, ಬಡಗಲಿಗೆ ಯಾವ ದಾರಿ. ಊರಿಂದ ಊರಿಗೆ ಅಳತೆಯ ಕೋಲು ಬೇರೆ ಇರುತ್ತಿತ್ತು. ಹಾಗಾಗಿ ಕೋಲಿನ ಹೆಸರನ್ನೇ ಬರೆದುಬಿಡುತ್ತಿದ್ದರು, ನಾಳೆ ಯಾರೋ ಚಿಕ್ಕ ಕೋಲು ತಂದು ಅಳೆದು ಹೊಲ ಕಡಿಮೆ ಮಾಡಬಾರದು ಅಂತ. 'ಸರ್ವಬಾಧಾ ಪರಿಹಾರ' ಅಂತ ಇನ್ನೊಂದು ಮಾತು. ಈ ಹೊಲಕ್ಕೆ ನನ್ನ ಅಧಿಕಾರಿಗಳು ಕಾಲಿಡುವಂತಿಲ್ಲ, ತೆರಿಗೆ-ಬಿಟ್ಟಿ ಕೇಳುವಂತಿಲ್ಲ ಅನ್ನುವುದು ಅದರ ತಾತ್ಪರ್ಯ. ಅಂದರೆ ಆಳುವವನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತಾನೆ, ಸಾಕ್ಷಿಗಳ ಎದುರು, ಅಳಿಸಲಾಗದ ಕಲ್ಲಿನ ಮೇಲೆ. ಹೊಗಳಿಸಿಕೊಳ್ಳೋದು ಯಾರಿಂದ ಆಗಲ್ಲ ಹೇಳಿ? ನನಗೆ ಈ ಹಕ್ಕಿಲ್ಲ ಅಂತ ಬರೆಸೋದು ಕಷ್ಟ.

ಅದಕ್ಕೂ ಕೆಳಗೆ, ಕಟ್ಟಕಡೆಗೆ, ಶಾಪದ ಶ್ಲೋಕಗಳು. ಓದುವವರು ಬಹಳ ಮಂದಿ ಇಲ್ಲಿಗೆ ಬರುವ ಹೊತ್ತಿಗೆ ದಣಿದಿರುತ್ತಾರೆ, 'ಎಂದಿನಂತೆ ಶಾಪಾಶಯ' ಅಂತ ಟಿಪ್ಪಣಿ ಬರೆದು ಎದ್ದುಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವುದು ಇವೆಲ್ಲ ನಮಗೆ ಬಾಯಿಪಾಠ. ಆದರೆ ಶಾಪದ ಪಕ್ಕದಲ್ಲೇ ಬೇರೆ ಜಾತಿಯ ಮಾತುಗಳೂ ಇರುತ್ತವೆ. ಕೊಡೋದು ಸುಲಭ, ಇನ್ನೊಬ್ಬರು ಕೊಟ್ಟದ್ದನ್ನು ಕಾಯೋದು ಕಷ್ಟ, ಎರಡರಲ್ಲಿ ಕಾಯುವುದೇ ಹೆಚ್ಚಿನದು ಅನ್ನುತ್ತದೆ ಒಂದು ಶ್ಲೋಕ. ಇನ್ನೊಂದರಲ್ಲಿ ರಾಮಚಂದ್ರ ಮುಂದೆ ಬರುವ ಅರಸರನ್ನು ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ: ಧರ್ಮದ ಈ ಸೇತುವೆ ಎಲ್ಲ ಅರಸರಿಗೂ ಸೇರಿದ್ದು, ಕಾಲಕಾಲಕ್ಕೆ ನೀವು ಕಾಯಬೇಕು. ಗಮನಿಸಿ, ಅಲ್ಲಿರುವುದು ಆಜ್ಞೆ ಅಲ್ಲ, ಬೇಡಿಕೆ. ಮೂರನೆಯದು ನನಗೆ ಇವೆಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ನನ್ನ ವಂಶದವರಾಗಲಿ, ಬೇರೆ ಅರಸರ ವಂಶದವರಾಗಲಿ, ಈ ಧರ್ಮವನ್ನು ಯಾರು ಕಾಯುತ್ತಾರೋ ಅವರ ಮುಂದೆ ನನ್ನ ತಲೆ ಬಾಗಿದೆ ಅನ್ನುವುದು ಅದರ ಸಾರ. ಇವು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಶ್ಲೋಕಗಳು, ಸೂತ್ರಗಳೇ. ಹಾಗಾದರೆ ಹೊಗಳಿಕೆಯ ಸೂತ್ರಕ್ಕೂ ಇದಕ್ಕೂ ಏನು ಫರಕು ಅಂತ ನೀವು ಕೇಳಬಹುದು. ಮೇಲಿನ ಸೂತ್ರ ನಾನು ಯಾವಾಗಲೂ ಇರುತ್ತೇನೆ ಅನ್ನುತ್ತದೆ. ಕೆಳಗಿನದು ನಾನು ಹೋಗುವವನು ಅಂತ ಒಪ್ಪಿಕೊಂಡಿದೆ.

ರಟ್ಟರ ಮಟ್ಟಿಗೆ ಅದು ನಿಜವೂ ಆಯಿತು. 1228ರ ಸವದತ್ತಿ ಶಾಸನದಲ್ಲಿ ಎರಡನೆಯ ಲಕ್ಷ್ಮೀದೇವ ಇನ್ನೂ ಆಳುತ್ತಿದ್ದಾನೆ. 1238ರ ಹರಳಹಳ್ಳಿ ತಾಮ್ರಪಟದ ಹೊತ್ತಿಗೆ ಸೇವುಣರ ಸಿಂಘಣನ ದಂಡನಾಯಕ ಬೀಚಣ ರಟ್ಟರನ್ನು ಅಡಗಿಸಿದ್ದಾನೆ. ಕಲ್ಲೋಳಿಯ ಶಾಸನ ನಿಂತು 34 ವರ್ಷವೂ ತುಂಬಿರಲಿಲ್ಲ. ಲತ್ತಲೂರಿನ ಒಡೆತನ, ಬಂಗಾರದ ಗರುಡಧ್ವಜ ಎಲ್ಲ ಕಲ್ಲಿನ ಮೇಲಷ್ಟೇ ಉಳಿಯಿತು. ಕೂಂಡಿ ನಾಡಿನ ಹೊಲಗಳ ಎಲ್ಲೆಯನ್ನು ಕಾಯುವ ಕೆಲಸ 'ಬೇರೆ ಅರಸರ ವಂಶ'ದ ಪಾಲಿಗೆ ಬಂತು. ಶ್ಲೋಕ ಯಾರನ್ನು ಉದ್ದೇಶಿಸಿ ಬೇಡಿಕೊಂಡಿತ್ತೋ ಅವರೇ ಬಂದು ಕೂತಿದ್ದರು.

ಇಲ್ಲೊಂದು ಕ್ರಿಯಾಪದದ ಮಾತು ಹೇಳಿ ಮುಂದೆ ಹೋಗುತ್ತೇನೆ. ಶಾಸನಗಳಲ್ಲಿ 'ಪ್ರತಿಪಾಳಿಸು' ಜೊತೆಗೆ 'ಸಲಿಸು' ಅಂತ ಬರುತ್ತದೆ. ಸಲ್ಲು ಅಂದರೆ ನಡೆ, ಚಾಲ್ತಿಯಲ್ಲಿರು. ಸಲಿಸು ಅಂದರೆ ನಡೆಸಿಕೊಂಡು ಹೋಗು. ನಾವು ಈಗ ಆ ಪದವನ್ನು ಅರ್ಜಿ ಸಲ್ಲಿಸುವುದಕ್ಕೆ ಇಟ್ಟುಕೊಂಡಿದ್ದೇವೆ. ಆಗ ಅದು ಅರ್ಜಿ ತಗೊಳ್ಳುವವನ ಕೆಲಸವಾಗಿತ್ತು.

ಅರಸರ ಮಾತೇ ಆಯಿತು. ಊರಿನ ಮಟ್ಟದಲ್ಲಿ ಮುಂದಾಳು ಅಂದರೆ ಗಾವುಂಡ. ನಮ್ಮ ಕಡೆ ಹೆಸರಿನ ಹಿಂದೆ ಇಂದಿಗೂ ಅಂಟಿಕೊಂಡಿರುವ 'ಗೌಡ' ಅದೇ. ಗೋಕಾಕ ತಾಲೂಕಿನ ಕೊಣ್ಣೂರಿನ ಶಾಸನದಲ್ಲಿ ಇಂಥವನೊಬ್ಬನಿದ್ದಾನೆ. (ಬಂಕೆಯನ ಶಾಸನದ ಕೊಣ್ಣೂರು ಬೇರೆ, ಅದು ನರಗುಂದದ ಕಡೆಯದು. ಎರಡನ್ನೂ ಕಲಸಿ ಬರೆದ ಲೇಖನಗಳು ಆಗಾಗ ಕಣ್ಣಿಗೆ ಬೀಳುತ್ತವೆ.) 1087ರಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಿಧಿಯಮ ಗಾಮುಂಡ ಅನ್ನುವವನು ಕೊಂಡನೂರಿನಲ್ಲಿ, ಅಂದರೆ ಈ ಕೊಣ್ಣೂರಿನಲ್ಲಿ, ಬಸದಿ ಕಟ್ಟಿಸಿದ. ಶಾಸನದಲ್ಲಿ ಅವನ ಮೇಲೆ ರಟ್ಟರ ಸೇನ, ಅವನ ಮೇಲೆ ವಿಕ್ರಮಾದಿತ್ಯನ ಮಗ ಜಯಕರ್ಣ, ಎಲ್ಲರ ಮೇಲೆ ಚಕ್ರವರ್ತಿ. ಮೇಲಿನವರೆಲ್ಲ ಒಪ್ಪಿಗೆ ಕೊಟ್ಟವರು, ದತ್ತಿ ಕೊಟ್ಟವರು. ಊರಲ್ಲೇ ಇದ್ದು ದಿನಾ ಆ ಬಸದಿಯ ಮುಂದೆ ಹಾದು ಹೋಗಬೇಕಾದವನು ಈ ಗಾಮುಂಡ. ಅದೇ ಶಾಸನದಲ್ಲಿ 1121ರ ಕಾಲವೂ ಬರುತ್ತದೆ. ಒಂದು ಸಲ ಬರೆಸಿದ್ದರ ಜೊತೆಗೆ 34 ವರ್ಷದ ಬಳಿಕದ ಮಾತನ್ನೂ ಸೇರಿಸುವಷ್ಟು ಊರಿಗೆ ಆ ಕಲ್ಲು ಬೇಕಾಗಿತ್ತು. ಒಳ್ಳೆಯತನಕ್ಕೆ ಪುರಾವೆ ಕೇಳಿದರೆ ನಾನು ಇಂಥದ್ದನ್ನು ತೋರಿಸಿಯೇನು.

ಅಧಿಕಾರವೇ ಇಲ್ಲದ ಮುಂದಾಳತನವೂ ಇತ್ತು. ಕಲ್ಲೋಳಿಯ ಶಾಸನದ ಕಾಲಕ್ಕೇ ಸೇರಿದ ಎರಡು ಶಾಸನಗಳು ಬೆಳಗಾವಿಯ ರಟ್ಟ ಜಿನಾಲಯದವು. ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಬಾರ್ನೆಟ್ ಅವುಗಳನ್ನು ಪ್ರಕಟಿಸಿದ್ದಾರೆ. ಆ ಬಸದಿಯನ್ನು ಕಟ್ಟಿಸಿದವನು ಕಾರ್ತವೀರ್ಯನ ಅಧಿಕಾರಿ ಬೀಚಣ (ಸಿಂಘಣನ ದಂಡನಾಯಕನ ಹೆಸರೂ ಬೀಚಣನೇ, ಇಬ್ಬರೂ ಬೇರೆ ಬೇರೆ). ಒಂದರಲ್ಲಿ ಅರಸ ಕೊಟ್ಟದ್ದರ ಜೊತೆಗೆ ವರ್ತಕರು ಕೂಡಿ ಕೊಟ್ಟದ್ದೂ ಇದೆ. ಕೂಂಡಿ ನಾಡಿನವರಷ್ಟೇ ಅಲ್ಲ, ಲಾಳ, ಮಲೆಯಾಳದ ಕಡೆಯ ವ್ಯಾಪಾರಿಗಳೂ ಸೇರಿ, ತಮ್ಮ ಸರಕಿನ ಮೇಲೆ ತಾವೇ ಇಂತಿಷ್ಟು ಅಂತ ಹೇರಿಕೊಂಡ ಸುಂಕ. ಕರ್ನಾಟಕದ ಬೇರೆ ಶಾಸನಗಳಲ್ಲೂ ಇಂಥ ಪಟ್ಟಿಗಳು ಬೇಕಾದಷ್ಟು: ಗಾಣಕ್ಕೆ ಸೊಲ್ಲಗೆ ಎಣ್ಣೆ, ಹೇರಿಗೆ ಇಷ್ಟು ಎಲೆ, ಅಂಗಡಿಗೆ ಇಷ್ಟು ಅಡಕೆ. ಬೇರೆ ಬೇರೆ ಭಾಷೆಯ, ಪೇಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿ ನಡೆಸುವ ಜನರನ್ನು ಒಂದೆಡೆ ಕೂಡಿಸಿ, ಎಲ್ಲರ ಗಂಟಿನಿಂದ ಒಂದಿಷ್ಟು ತೆಗೆಸುವುದು ಸಣ್ಣ ಮಾತಲ್ಲ. ಯಾರೋ ಒಬ್ಬ ಮನೆಮನೆ ತಿರುಗಿರಬೇಕು, ಯಾರ ಜೊತೆಗೋ ವಾದ ಮಾಡಿರಬೇಕು. ಅವನ ಹೆಸರು ಕಲ್ಲಿನ ಮೇಲೆ ಇರಲೇಬೇಕಂತಿಲ್ಲ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತಲ್ಲ, ಊರೂರಿನ ಸದಸ್ಯರ ಪಾಲು ಕೂಡಿಸಿ ಕರೆಂಟು ಕೊಡುವ ಸಂಘ, ಅದನ್ನು ನೆನೆದಾಗಲೆಲ್ಲ ನನಗೆ ಈ ಸುಂಕದ ಪಟ್ಟಿಗಳು ನೆನಪಾಗುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅಜ್ಜರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ. ದತ್ತಿ ಶಾಸನವನ್ನು ಕಾಪಾಡಿಕೊಂಡವರು ದತ್ತಿ ಪಡೆದವರು. ಅದು ಅವರ ಹಕ್ಕುಪತ್ರ. ಕೊಟ್ಟವನನ್ನು ಅವರು ಹೊಗಳದೆ ಇರುತ್ತಾರೆಯೇ? ಆ ಹೊಲ ಉಳುತ್ತಿದ್ದವನಿಗೆ ಇದರಿಂದ ಭಾರ ಕಡಿಮೆ ಆಯಿತೋ, ಅರಸನಿಗೆ ಕೊಡುತ್ತಿದ್ದುದನ್ನು ಬಸದಿಗೋ ಗುಡಿಗೋ ಕೊಡುವಂತಾಯಿತೋ, ಕಲ್ಲು ಬಾಯಿ ಬಿಡುವುದಿಲ್ಲ. ಹೆಚ್ಚಿನ ಕಡೆ ಎರಡನೆಯದೇ ಆಗಿರಬೇಕು ಅಂತ ನನ್ನ ಅಂದಾಜು. ಸಾಮಾನ್ಯನ ಹೆಸರು ಶಾಸನಕ್ಕೆ ಬರುವುದು ಬಹುಪಾಲು ಅವನು ಸತ್ತ ಮೇಲೆ, ವೀರಗಲ್ಲಿನಲ್ಲಿ: ತುರು ಮರಳಿಸಲು ಹೋಗಿ ಕಾದಿ ಸತ್ತ ಅಂತ. ಅಂಥವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಬಿಟ್ಟ ಉದಾಹರಣೆಗಳು ನಾಡಿನಲ್ಲಿ ಹಲವು ಇವೆ. ಮುಂದಾಳನ್ನು ಅಳೆಯಲು ಅದೂ ಒಂದು ಕೋಲು. ಸತ್ತವನನ್ನು ಹೊಗಳಿ ಸುಮ್ಮನಾದನೋ, ಅವನ ಹೆಂಡತಿ-ಮಕ್ಕಳ ಅನ್ನದ ವ್ಯವಸ್ಥೆ ಮಾಡಿದನೋ ಅಂತ ನೋಡಬೇಕು.

ಅಜ್ಜರಿಗೆ ಇದನ್ನೆಲ್ಲ ಇಷ್ಟು ಉದ್ದ ಹೇಳಲಿಲ್ಲ. "ಅಜ್ಜಾರ, ಮ್ಯಾಲೆ ಬರದದ್ದು ಎಲ್ಲಾ ರಾಜರಿಗೂ ಬರೀತಿದ್ರು. ಕೆಳಗ ಏನ್ ಕೊಟ್ಟ, ಎಲ್ಲಿಂದ ಎಲ್ಲೀತನಕ ಕೊಟ್ಟ, ಮುಂದ ಯಾರು ನಡಸಬೇಕು ಅಂತ ಬರದಿರ್ತಾರ. ಅದನ್ನ ಓದಿದ್ರ ಏನರ ಹೇಳಬಹುದು" ಅಂದೆ.

"ಹಂಗಾದ್ರ ಓದ್ರಿ ಮತ್ತ."

ಕೆಳಗೆ ಸಿಮೆಂಟು. ಬಿರುದುಗಳು ಅರ್ಧ ಮುಗಿಯುವ ಹೊತ್ತಿಗೆ ಕಲ್ಲು ಫರ್ಸಿಯೊಳಗೆ ಇಳಿದುಬಿಟ್ಟಿದೆ. ತಿಥಿ ಇಲ್ಲ, ದತ್ತಿ ಇಲ್ಲ, ಎಲ್ಲೆ ಇಲ್ಲ. ಎದುರಿನ ಗೋಡೆಯ ಮೇಲೆ ಜೀರ್ಣೋದ್ಧಾರದ ಹೊಸ ಕಲ್ಲು, ಕಪ್ಪು ಗ್ರಾನೈಟಿನದು, ಬಂಗಾರ ಬಣ್ಣದ ಅಕ್ಷರ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು ಅಂತ ಇಪ್ಪತ್ತೇಳು ಹೆಸರು, ನಾನು ಎಣಿಸಿದೆ. ಗುಡಿಯ ದೀಪದೆಣ್ಣೆ ಯಾರ ಪಾಲಿಗೆ, ಮಾಳಿಗೆ ಸೋರಿದರೆ ದುರಸ್ತಿ ಯಾರು ಮಾಡಿಸಬೇಕು ಅನ್ನುವ ಸಾಲು ಅದರಲ್ಲೂ ಇಲ್ಲ. ಅದು ಸಿಮೆಂಟಿನಲ್ಲಿ ಹೂತು ಹೋದದ್ದಲ್ಲ, ಬರೆಸಿಯೇ ಇಲ್ಲ.

ಈ ತಾಲೂಕುಗಳಲ್ಲಿ ಗುಡಿಗಳ ಜೀರ್ಣೋದ್ಧಾರ ಈಗ ಜೋರಾಗಿ ನಡೆದಿದೆ. ಓದುವ ಬಳಗದವರಲ್ಲಿ ಒಂದು ವಿನಂತಿ: ನಿಮ್ಮೂರಿನ ಗುಡಿಯಲ್ಲಿ ಫರ್ಸಿ ಹಾಸುವ ಮಾತು ಬಂದರೆ ಮೊದಲು ಹೋಗಿ ಕಲ್ಲಿನ ಬುಡದ ಫೋಟೋ ತೆಗೆದಿಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಚೆನ್ನಾಗಿ ಏಳುತ್ತವೆ. ಸುಣ್ಣ, ಎಣ್ಣೆ ಬಣ್ಣ ಹಚ್ಚಬೇಡಿ. ಆದರೆ ಒಂದು ಪಡಿಯಚ್ಚು ತೆಗೆಸಿ. ಕಲ್ಲನ್ನು ಸರಿಸಲೇಬೇಕು ಅಂದರೆ ಕೊನೆಯ ಸಾಲಿನ ಕೆಳಗೆ ಒಂದು ಗೇಣು ಬಿಟ್ಟು ನಿಲ್ಲಿಸಿ, ಅಷ್ಟು ಸಾಕು.

ಹೊರಡುವಾಗ ಅಜ್ಜರು ಕಲ್ಲಿನ ಬುಡವನ್ನು ಕೋಲಿನಿಂದ ತಟ್ಟಿ ನೋಡಿದರು. ಫರ್ಸಿ ಹಾಕಿಸಿದ ಕಮಿಟಿಯಲ್ಲಿ ತಾವೂ ಇದ್ದದ್ದನ್ನು ಆಗ ಹೇಳಿದರು. "ಗೊತ್ತಿರಲಿಲ್ಲ ಬಿಡ್ರಿ. ಕಬ್ಬಿನ ಹಂಗಾಮ ಮುಗದ ಮ್ಯಾಲೆ ಬರ್ರಿ, ನಾಕ್ ಫರ್ಸಿ ತಗಸೋಣು. ಕಮಿಟಿಯವರಿಗೆ ನಾ ಹೇಳ್ತೀನಿ."

ಪಡಿಯಚ್ಚಿನ ಕಾಗದ, ಮಸಿ, ಕುಂಚ ಎಲ್ಲ ತೆಗೆದಿಟ್ಟಿದ್ದೇನೆ.